ಜೇಬಿನಲ್ಲಿಟ್ಟ ಫ್ಯೂಸು

“ಗುರುಗಳೇ, ಮನುಷ್ಯನ ತಲೆಗೆ ಕರೆಂಟು ಕೊಡುವುದು ಹಿಂಸೆಯಲ್ಲವೇ?” ಎಂದು ಶಿಷ್ಯ ಕೇಳಿದ.

“ಯಾರ ತಲೆಗೆ?” ಎಂದರು ಗುರು.

“ನಮ್ಮ ಅಕ್ಕನ ತಲೆಗೆ.”

ಅಕ್ಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಎರಡು ತಿಂಗಳಿಂದ ಅವಳ ಮನಸ್ಸು ಕುಸಿಯುತ್ತ ಬಂದಿತ್ತು. ಈಗ ಹನ್ನೊಂದು ದಿನದಿಂದ ಮಾತೇ ಇಲ್ಲ. ಯಾರಾದರೂ ಅವಳ ಕೈ ಎತ್ತಿದರೆ ಅದು ಎತ್ತಿದಲ್ಲೇ ನಿಲ್ಲುತ್ತದೆ. ಬಾಯಿಗಿಟ್ಟ ಅನ್ನ ಬಾಯಲ್ಲೇ ಉಳಿಯುತ್ತದೆ. ಮಾತ್ರೆ, ಇಂಜೆಕ್ಷನ್ ಯಾವುದೂ ಹಿಡಿಯಲಿಲ್ಲ. ಇನ್ನು ಕರೆಂಟಿನ ಚಿಕಿತ್ಸೆ ಕೊಡುವುದೇ ದಾರಿ ಎಂದು ವೈದ್ಯರು ಒಪ್ಪಿಗೆಯ ಕಾಗದ ಕೊಟ್ಟಿದ್ದಾರೆ. ಅವಳಿಗೆ ತಮ್ಮನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಸಹಿ ಇವನೇ ಹಾಕಬೇಕು.

“ಕಾಗದ ಎಲ್ಲಿದೆ?”

“ಜೇಬಿನಲ್ಲೇ ಇದೆ, ಗುರುಗಳೇ. ಮೂರು ದಿನವಾಯಿತು.”

ಗುರುಗಳು ‘ಹಿಂಸೆ’ ಎಂದುಬಿಟ್ಟರೆ ಸಾಕಿತ್ತು. ತನ್ನ ಹೆದರಿಕೆಗೆ ಧರ್ಮದ ಹೆಸರಿಟ್ಟು ಅವನು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ. ಆ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು. ಗುರು ಅದನ್ನು ನೋಡಿದರು. ನೋಡಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಲೈನ್‌ಮನ್ ಇದ್ದ. ಇಪ್ಪತ್ತೆರಡು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವನು. ಅವನಿಗೊಂದು ಕಟ್ಟುನಿಟ್ಟು ಇತ್ತು. ಕಂಬ ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಫ್ಯೂಸು ಕೀಳುತ್ತಿದ್ದ. ಕಿತ್ತದ್ದನ್ನು ಅಲ್ಲಿ ಬಿಡುತ್ತಿರಲಿಲ್ಲ, ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ, ತನ್ನ ಜೇಬಿನಲ್ಲೇ ಇಟ್ಟುಕೊಂಡು ಮೇಲೆ ಹತ್ತುತ್ತಿದ್ದ. ಫ್ಯೂಸು ತನ್ನ ಜೇಬಿನಲ್ಲಿರುವ ತನಕ ಕೆಳಗೆ ಯಾವ ಪುಣ್ಯಾತ್ಮ ಎಷ್ಟು ಅವಸರ ಮಾಡಿದರೂ ತಂತಿಗೆ ಕರೆಂಟು ಬರುವಂತಿಲ್ಲ. ಅವನ ಜೊತೆಗಾರನೊಬ್ಬ ಒಮ್ಮೆ ಫ್ಯೂಸನ್ನು ಪೆಟ್ಟಿಗೆಯ ಮೇಲಿಟ್ಟು ಕಂಬ ಹತ್ತಿದ್ದ. ಯಾರೋ ಅದನ್ನು ಹಾಕಿಬಿಟ್ಟರು. ತಂತಿಯಿಂದ ಬಿಡಿಸಿ ಅವನನ್ನು ಕೆಳಗಿಳಿಸಿದ್ದು ಈ ಲೈನ್‌ಮನ್ನನೇ.

ಅವನ ಹೆಂಡತಿಗೆ ಕಾಯಿಲೆ ಬಂತು. ನಿನ್ನ ಅಕ್ಕನದೇ ಕಾಯಿಲೆ. ಮಾತು ಪೂರ್ತಿ ನಿಲ್ಲುವ ಮೊದಲು ಅವಳು ತನ್ನ ತಾಯಿಯ ಎದುರಿಗೇ ವೈದ್ಯೆಗೆ ಹೇಳಿದ್ದಳು, “ಔಷಧಿ ಹಿಡೀದಿದ್ರೆ ಕರೆಂಟ್ ಕೊಡಿ. ನಾನು ಬದುಕ್ಬೇಕು.” ಲೈನ್‌ಮನ್ ಆ ಹೊತ್ತಿಗೆ ಕಂಬದ ಮೇಲಿದ್ದ. ಔಷಧಿ ಹಿಡಿಯಲಿಲ್ಲ. ಮಗಳ ಮಾತಿನಂತೆ ತಾಯಿ ಕಾಗದಕ್ಕೆ ಸಹಿ ಹಾಕಿದಳು.

ಅವನು ಓಡಿಬಂದು ವೈದ್ಯೆಯ ಮುಂದೆ ನಿಂತ. “ಮೇಡಂ, ಹೊಟ್ಟೆಪಾಡೇ ಕರೆಂಟಿನ ಜೊತೆ ನಂದು. ಅದೇನು ಮಾಡುತ್ತೆ ಅಂತ ನನಗೆ ಹೇಳ್ಕೊಡಬೇಡಿ.”

ವೈದ್ಯೆ ಗೆರೆಗಳು ತುಂಬಿದ ಒಂದು ಕಾಗದ ಬಿಡಿಸಿ ತೋರಿಸಿದರು. “ಇದು ನಿಮ್ಮ ಮನೆಯವರ ಮಿದುಳಿನ ಗೆರೆ. ಮಿದುಳು ಕೆಲಸ ಮಾಡೋದೇ ಕರೆಂಟಿನಿಂದ. ನಿಮ್ಮದೂ ಅಷ್ಟೆ, ನಂದೂ ಅಷ್ಟೆ. ಅರಿವಳಿಕೆ ಕೊಟ್ಟು ಮಲಗಿಸ್ತೀವಿ, ಮೈ ಸಡಿಲ ಮಾಡ್ತೀವಿ, ಕೆಲವೇ ಸೆಕೆಂಡು ಕೊಡ್ತೀವಿ. ಒಳಗೆ ಒಂದು ಫಿಟ್ಸ್ ಬಂದು ಹೋಗುತ್ತೆ. ಆಮೇಲೆ ತಲೆನೋವು ಬರಬಹುದು. ಈ ದಿನಗಳ ನೆನಪು ಕೆಲವು ಹೋಗಬಹುದು, ಅದನ್ನ ಮುಚ್ಚಿಡಲ್ಲ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಪೂರ್ತಿಯಾಗಿ ನಮಗೂ ಗೊತ್ತಿಲ್ಲ. ಆದರೆ ಇಂಥ ಕಾಯಿಲೆ ಬಿದ್ದವರನ್ನ ಇದು ಎಬ್ಬಿಸಿದ್ದನ್ನ ನಾನೇ ನೋಡಿದ್ದೀನಿ.”

ಲೈನ್‌ಮನ್ ತಲೆಯಾಡಿಸಿದ. ಅಷ್ಟು ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಕರೆಂಟು ಎಂಬ ಒಂದೇ ಪದ. ಕಂಬದಿಂದ ಇಳಿಸಿದ ಜೊತೆಗಾರ ಕಣ್ಣ ಮುಂದೆ ಬಂದ. ಬೇಡ ಎಂದು ಅತ್ತೆಯ ಮುಖ ನೋಡಿ ಹೇಳಲು ಧೈರ್ಯ ಸಾಲಲಿಲ್ಲ. ಸರಿ ಎನ್ನಲು ಮನಸ್ಸು ಒಪ್ಪಲಿಲ್ಲ. ಇಂಥ ಹೊತ್ತಿಗೆ ಅವನಿಗೆ ಗೊತ್ತಿದ್ದದ್ದು ಒಂದೇ ಉಪಾಯ.

ಅರಿವಳಿಕೆ ಕೊಡುವ ವೈದ್ಯರು ಆ ಆಸ್ಪತ್ರೆಗೆ ಸೋಮವಾರ, ಬುಧವಾರ, ಶುಕ್ರವಾರ ಬಂದು ಬೆಳಿಗ್ಗೆ ಹತ್ತಕ್ಕೆ ಹೊರಟುಬಿಡುತ್ತಿದ್ದರು. ಜನರೇಟರು ಕೆಟ್ಟು ವಾರವಾಗಿತ್ತು. ಇದೆಲ್ಲ ಲೈನ್‌ಮನ್‌ಗೆ ಗೊತ್ತಿತ್ತು. ಸೋಮವಾರ ಒಂಬತ್ತು ಗಂಟೆಗೆ ಆಸ್ಪತ್ರೆಯ ಮುಂದಿನ ಟ್ರಾನ್ಸ್‌ಫಾರ್ಮರಿನಿಂದ ಮೂರು ಫ್ಯೂಸುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ಜೇಬು ಭಾರವಾಯಿತು, ಎದೆ ಹಗುರಾಯಿತು. ಒಳಗೆ ಮಕ್ಕಳ ವಾರ್ಡಿನ ಫ್ಯಾನುಗಳೂ ನಿಂತಿದ್ದವು. ಬೇರೆಯವರ ಮಕ್ಕಳು ಜ್ವರದಲ್ಲಿ ಬೆವರಿದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಹತ್ತೂವರೆಗೆ ಫ್ಯೂಸು ಹಾಕಿ, ಲೈನಿನಲ್ಲಿ ದೋಷವಿತ್ತು ಎಂದು ಕೇಳಿದವರಿಗೆಲ್ಲ ಹೇಳಿದ. ಚಿಕಿತ್ಸೆ ಬುಧವಾರಕ್ಕೆ ಹೋಯಿತು.

ಆ ಎರಡು ದಿನದಲ್ಲಿ ಹೆಂಡತಿಗೆ ಜ್ವರ ಏರಿತು. ತುಟಿ ಒಡೆದು ರಕ್ತ ಬಂತು. ನಾಡಿ ಓಡತೊಡಗಿತು. ಬುಧವಾರ ಬೆಳಿಗ್ಗೆ ಅವಳ ಹಾಸಿಗೆಯ ಪಕ್ಕ ಕೂತು ಅವನು ಅತ್ತ. ಅತ್ತು, ಕಣ್ಣೊರೆಸಿಕೊಂಡು, ಎದ್ದುಹೋಗಿ ಮತ್ತೆ ಫ್ಯೂಸು ಕಿತ್ತ. ಪ್ರೀತಿ ಇರಲಿಲ್ಲ ಎಂದು ತಿಳಿಯಬೇಡ. ಪ್ರೀತಿ ಇದ್ದದ್ದರಿಂದಲೇ ಕಿತ್ತ.

ಸ್ವಲ್ಪ ಹೊತ್ತಿಗೆ ಅತ್ತೆ ಅವನನ್ನು ಹುಡುಕಿಕೊಂಡು ಓಡಿಬಂದಳು. ಊರಿಗೆಲ್ಲ ಕರೆಂಟು ಕೊಡುವ ಅಳಿಯ ಬಾಗಿಲಲ್ಲೇ ಇರುವಾಗ ಬೇರೆ ಯಾರನ್ನು ಕರೆಯಬೇಕು?

“ಅಳಿಯಂದ್ರೇ, ಮತ್ತೆ ಕರೆಂಟು ಹೋಗಿದೆ. ಡಾಕ್ಟ್ರು ಗಡಿಯಾರ ನೋಡ್ತಾ ಕೂತಿದ್ದಾರೆ. ಬೇಗ ಏನಾದ್ರೂ ಮಾಡಿ.”

ಅವನ ಕೈ ಜೇಬನ್ನು ಮುಚ್ಚಿಕೊಂಡಿತು. ಅತ್ತೆಗೆ ಅಷ್ಟು ಸಾಕಾಯಿತು. ಅಳಿಯನ ಈ ಕಟ್ಟುನಿಟ್ಟನ್ನು ನೆಂಟರಿಷ್ಟರ ಮುಂದೆ ಹೊಗಳಿಕೊಂಡು ತಿರುಗಿದವಳು ಅವಳೇ.

“ಜೇಬಲ್ಲಿ ಇಟ್ಕೊಂಡಿದ್ದೀರಾ?”

“ಅತ್ತೇ, ಅವಳ ಜೀವ ಉಳೀಲಿ ಅಂತ…”

“ಕರೆಂಟಿಲ್ಲದ ತಂತಿ ನಿಮಗೆ ಕ್ಷೇಮ. ನನ್ನ ಮಗಳು ತಂತಿ ಅಲ್ಲ. ಬದುಕ್ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾಳೆ. ಕೊಡಿ ಇಲ್ಲಿ.”

ಅವಳು ಕೈ ಚಾಚಿ ನಿಂತಳು. ಫ್ಯೂಸು ಹಾಕುವುದು ಅವಳಿಗೆ ಬರುತ್ತಿರಲಿಲ್ಲ. ಬಾರದಿದ್ದರೂ ಹಾಕಿಯೇ ತೀರುತ್ತಾಳೆ, ಸತ್ತರೂ ಸರಿ ಹಾಕುತ್ತಾಳೆ ಎಂಬುದು ಅವಳ ಮುಖ ನೋಡಿ ಲೈನ್‌ಮನ್‌ಗೆ ಖಚಿತವಾಯಿತು. ಮೂರು ಫ್ಯೂಸುಗಳನ್ನೂ ಅವನೇ ಹಾಕಿದ. ಆಗ ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು.

ಎಂಟು ಸಲ ಕೊಟ್ಟರು. ಮೂರನೆಯದಾದ ಮೇಲೆ ಅವಳು ನೀರು ಕೇಳಿದಳು. ಐದನೆಯದಾದ ಮೇಲೆ ಗಂಡನ ಮುಖ ನೋಡಿ, “ಇದೇನು ಗಡ್ಡ, ಯಾರಿಗೆ ಹರಕೆ?” ಎಂದಳು. ಅವನು ಆಸ್ಪತ್ರೆಯ ಹೊರಗೆ ಹೋಗಿ, ನಾಚಿಕೆ ಬಿಟ್ಟು ಅತ್ತ. ಎಲ್ಲವೂ ಮೊದಲಿನಂತಾಯಿತು ಎಂದು ನಾನು ಹೇಳುವುದಿಲ್ಲ. ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದು ಅವಳಿಗೆ ನೆನಪಿರಲಿಲ್ಲ. ತಾನೇ ಹೊಲಿದ ರವಿಕೆ ಯಾರದೆಂದು ಕೇಳಿದಳು. ಕೆಲವು ನೆನಪು ಬಂದವು, ಕೆಲವು ಬರಲೇ ಇಲ್ಲ. ಮಾತ್ರೆ ಮುಂದುವರಿಯಿತು. ಅವಳು ಎದ್ದಳು, ಒಲೆ ಹಚ್ಚಿದಳು, ಜಗಳವಾಡಿದಳು.

ನಲ್ಲಿಯ ಹತ್ತಿರ ಹೆಂಗಸರು ದನಿ ತಗ್ಗಿಸಿ ಕೇಳಿದರು, “ನಿನಗೆ ಕರೆಂಟ್ ಕೊಟ್ರಂತೆ, ಹೌದಾ?”

ಅವಳು ದನಿ ಏರಿಸಿ ಹೇಳಿದಳು, “ಹೌದು, ಕೊಟ್ರು. ಎಂಟು ಸಲ. ಏನೀಗ? ನಿಮ್ಮ ಮನೇಲಿ ಕರೆಂಟು ಒಂದು ಗಳಿಗೆ ಹೋದ್ರೆ ನಮ್ಮನೆ ಬಾಗಿಲಿಗೆ ಬಂದು ಕೂಗ್ತೀರಲ್ಲ, ನನ್ನ ತಲೇಲೇ ಕರೆಂಟು ಹೋದಾಗ ನಾನು ಯಾಕೆ ಬಾಯಿ ಮುಚ್ಕೊಂಡು ಇರ್ಬೇಕಿತ್ತು?”

ಬೀದಿಗೆಲ್ಲ ಕೇಳಿಸಿತು. ಕೇಳಲಿ ಎಂದೇ ಹೇಳಿದ್ದಳು. ಕೊಡ ಸೊಂಟಕ್ಕಿಟ್ಟುಕೊಂಡು ನಡುಬೀದಿಯಲ್ಲಿ ನಡೆದು ಮನೆಗೆ ಬಂದಳು.

ಅದನ್ನು ಕೇಳಿ ಲೈನ್‌ಮನ್‌ಗೆ ತಡೆಯಲಾಗಲಿಲ್ಲ. ಫ್ಯೂಸು ಕಿತ್ತದ್ದನ್ನು ಹೆಂಡತಿಗೆ ಹೇಳಿಬಿಟ್ಟ. ‘ನನ್ನನ್ನು ಕಾಪಾಡಬೇಕೆಂದಲ್ಲವೇ ಮಾಡಿದ್ದು’ ಎಂದು ಅವಳು ಸಮಾಧಾನ ಹೇಳಿಯಾಳು ಎಂದುಕೊಂಡಿದ್ದ. ಅವಳು ಹೇಳಲಿಲ್ಲ. ಕೊಡ ಕೆಳಗಿಟ್ಟು ಅವನ ಎದುರಿಗೆ ನಿಂತಳು.

“ಕರೆಂಟು ನನ್ನ ಕೆಲವು ದಿನ ತಗೊಂಡಿದೆ. ತಗೊಳ್ಳಲಿ, ನಾನೇ ಒಪ್ಪಿ ಕೊಟ್ಟಿದ್ದು. ನೀವು ಎರಡು ದಿನ ತಗೊಂಡ್ರಲ್ಲ, ಯಾರನ್ನ ಕೇಳಿ?”

ಗುರು ಅಲ್ಲಿಗೆ ಕತೆ ನಿಲ್ಲಿಸಿದರು.

“ಅವನು ಏನೆಂದ, ಗುರುಗಳೇ?” ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಕೈ ಜುಬ್ಬದ ಜೇಬಿನ ಮೇಲಿತ್ತು.

ಗುರು ಆ ಕೈಯನ್ನು ನೋಡಿ ಹೇಳಿದರು:

“ಅವನು ತೆಗೆದುಕೊಂಡದ್ದು ಎರಡು ದಿನ, ನಿನ್ನದು ಇವತ್ತಿಗೆ ಮೂರಾಯಿತು.”