ತಲೆಕೆಳಗಾದ ಚೀಟಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಿನ್ನೆ ನಾಲ್ಕು ಜನರೆದುರು ನೀವು ನನ್ನ ಬರವಣಿಗೆಯನ್ನು ಹೊಗಳಿದಿರಿ. ಆಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾನು ನಿಜಕ್ಕೂ ಆ ಮಾತಿಗೆ ತಕ್ಕವನೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪ್ರಕಾಶಕನಿದ್ದ. ಪ್ರಕಾಶಕನೆಂದರೆ ಭಾರಿ ಆಸಾಮಿಯೇನಲ್ಲ. ಒಂದೇ ಕೋಣೆ, ಎರಡು ಬೀರು. ಕರಡು ತಿದ್ದುವವನೂ ಅವನೇ, ಪುಸ್ತಕದ ಕಟ್ಟು ಹೊರುವವನೂ ಅವನೇ. ವರ್ಷಕ್ಕೊಮ್ಮೆ ಕಥಾಸ್ಪರ್ಧೆ ನಡೆಸುತ್ತಿದ್ದ. ಮುಖ ನೋಡಿ ಮಣೆ ಹಾಕಿದ ಎಂಬ ಮಾತು ಬರಬಾರದೆಂದು ಕತೆಗಳಿಂದ ಹೆಸರು ತೆಗೆದು ಬರೀ ಅಂಕಿ ಹಾಕುತ್ತಿದ್ದ. ಬಹುಮಾನ ಬರಲಿ ಬಿಡಲಿ, ಪ್ರತಿ ಕತೆಯನ್ನೂ ಒಂದು ಚೀಟಿ ಸಹಿತ ಹಿಂದಿರುಗಿಸುವುದು ಅವನ ಪದ್ಧತಿ. ಚೀಟಿಯಲ್ಲಿ ತನ್ನ ಅಭಿಪ್ರಾಯ, ಬೆನ್ನಿಗೆ ಕತೆಯ ಅಂಕಿ.

ಒಂದು ವರ್ಷ ಬಹುಮಾನ ತಪ್ಪಿದವರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸೂ ಒಬ್ಬ ಮೇಷ್ಟರೂ ಇದ್ದರು. ಮರುವರ್ಷ ಆ ಹೆಂಗಸು ಅದೇ ಕತೆಯನ್ನು ಹೊಸದಾಗಿ ಬರೆದು ತಂದಳು.

“ಸ್ವಾಮಿ, ನೀವು ಹೇಳಿದ ಹಾಗೆ ಮೊದಲ ಮೂರು ಪುಟ ಕತ್ತರಿಸಿ ಬಿಸಾಡಿದೆ. ಬಟ್ಟೆಗೆ ಕತ್ತರಿ ಹಾಕುವಾಗಲೂ ಕೈ ಇಷ್ಟು ನಡುಗಿರಲಿಲ್ಲ” ಎಂದು ಹಳೆಯ ಚೀಟಿಯನ್ನು ಮುಂದಿಟ್ಟಳು.

ಪ್ರಕಾಶಕ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಮೂರು ಪುಟ ಬರೀ ಪೀಠಿಕೆ, ಮತ್ತೆ ಬರೆಯಿರಿ’ ಎಂದು ಅವನು ಬರೆದದ್ದು ಮೇಷ್ಟರ ಒಂಬತ್ತನೆಯ ಕತೆಗೆ. ಇವಳದು ಆರನೆಯದು, ಕೂದಲೆಳೆಯಲ್ಲಿ ಬಹುಮಾನ ತಪ್ಪಿದ್ದು; ಅದಕ್ಕೆ ಬರೆದದ್ದು ‘ಒಂದಕ್ಷರವನ್ನೂ ತಿದ್ದಬೇಡಿ’ ಎಂದು. ಗುಂಡುಸೂಜಿ ಚುಚ್ಚುವ ಅವಸರದಲ್ಲಿ 6 ತಲೆಕೆಳಗಾಗಿ 9 ಆಗಿತ್ತು, 9 ಹೋಗಿ 6 ಆಗಿತ್ತು. ಅಲ್ಲೇ ಕೂತು ಹೊಸ ಕತೆ ಓದಿದ. ತಿದ್ದಲೇಬಾರದು ಎಂದುಕೊಂಡಿದ್ದ ಕತೆ ತಿದ್ದಿದ ಮೇಲೆ ಎರಡು ಪಟ್ಟು ಚೆನ್ನಾಗಿತ್ತು. ಅದು ಅವನನ್ನು ಇನ್ನಷ್ಟು ಕಾಡಿತು. ತಪ್ಪೊಪ್ಪಿಕೊಂಡ. ಅವಳು, “ಅಳತೆ ಯಾರದಾದರೇನು ಸ್ವಾಮಿ, ಮೈಗೆ ಕೂತಿತಲ್ಲ” ಎಂದು ನಕ್ಕು ಹೋದಳು.

ಉಳಿದವರು ಮೇಷ್ಟರು. ನಿಜ ಹೇಳಿಯೇ ಬರುತ್ತೇನೆಂದು ಪ್ರಕಾಶಕ ಹೊರಟ. ದಾರಿಯುದ್ದಕ್ಕೂ ಮಾತು ಕೂಡಿಸಿದ, ಅಳಿಸಿದ. ಮೇಷ್ಟರು ಕೈಹಿಡಿದು ಒಳಕ್ಕೆ ಕರೆದೊಯ್ದರು. ಗೋಡೆಯ ಮೇಲೆ, ಗಾಜಿನ ಕಟ್ಟು ಹಾಕಿಸಿದ ಚೀಟಿ. ಆ ಮಾತಿನ ಬಲದಿಂದಲೇ ಕಾದಂಬರಿಗೆ ಕೈಹಾಕಿದ್ದೇನೆಂದೂ, ಇನ್ನೂರು ಪುಟವಾಗಿ ಪೀಠಿಕೆ ಈಗಷ್ಟೇ ಮುಗಿಯಿತೆಂದೂ, ಹೇಳಿದಂತೆ ಒಂದಕ್ಷರವನ್ನೂ ತಿದ್ದಿಲ್ಲವೆಂದೂ ಸಂಭ್ರಮದಿಂದ ಹೇಳಿದರು. ಅದಿಲ್ಲದಿದ್ದರೆ ಆ ವರ್ಷವೇ ಲೇಖನಿ ಕೆಳಗಿಡುತ್ತಿದ್ದರಂತೆ.

ಪ್ರಕಾಶಕ ಕಾಫಿ ಕುಡಿದ, ಎದ್ದ. ಬೀದಿಯ ತಿರುವಿನ ತನಕ ಹೋಗಿ ಮತ್ತೆ ಬಂದ. ಬಾಗಿಲ ಚಿಲಕಕ್ಕೆ ಕೈ ಚಾಚಿದವನು ಹಾಗೆಯೇ ಹಿಂದೆಗೆದ. ಇವತ್ತಿಗೂ ವಾರಕ್ಕೊಮ್ಮೆ ಆ ಬೀದಿಗೆ ಹೋಗುತ್ತಾನೆ, ಬರುತ್ತಾನೆ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಮೇಷ್ಟರಿಗೆ ನಿಜ ಹೇಳಿಬಿಡಬೇಕಿತ್ತು, ಗುರುಗಳೇ” ಎಂದ.

ಗುರುಗಳು ಕೇಳಿದರು: “ನಿನಗೆ ಹೇಳಲೇ?”