ಅಳಿಲಮ್ಮನ ಮಿದುಳು ದಾನ

ಸತ್ತ ಮೇಲೆ ತನ್ನ ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ಅಳಿಲಮ್ಮ ಗೂಬೆ ಡಾಕ್ಟರಿಗೆ ಬರೆದುಕೊಟ್ಟಳು. ದಾನ ಕೊಡುವ ವಸ್ತುವನ್ನು ಬಳಸಿ ಎಂಜಲು ಮಾಡಬಾರದಲ್ಲ, ಅದಕ್ಕೇ ಅಂದಿನಿಂದ ಯೋಚಿಸುವುದನ್ನೇ ಬಿಟ್ಟಳು. ಮಳೆಗಾಲ ಬಂದಾಗ, ಕಡಲೆಕಾಯಿ ಹೂತಿಟ್ಟ ಜಾಗವನ್ನು ನೆನಪು ಮಾಡಿಕೊಳ್ಳಲು ಒಪ್ಪದೆ ಮೂರು ದಿನ ಉಪವಾಸ ಬಿದ್ದಳು. ಸುದ್ದಿ ತಿಳಿದು ಡಾಕ್ಟರು ಹಾರಿಬಂದರು.

"ಸ್ವಲ್ಪ ನೆನಪು ಮಾಡಿಕೊಳ್ಳಿ ತಾಯಿ, ಪ್ರಾಣ ಹೋದೀತು."

"ಬಳಸಿದ್ದನ್ನು ಕೊಟ್ಟರೆ ಪುಣ್ಯ ಬರುತ್ತದೆಯೇ ಡಾಕ್ಟ್ರೇ? ಕೊಟ್ಟರೆ ಹೊಸದನ್ನೇ ಕೊಡುತ್ತೇನೆ," ಎಂದಳು ಅಳಿಲಮ್ಮ.

ಡಾಕ್ಟರು ಅವಳ ಕಾಗದವನ್ನು ಅವಳ ಕೈಗೇ ಕೊಟ್ಟರು.

"ಹಾಗಿದ್ದರೆ ಬೇಡಮ್ಮ. ಬಳಸದೇ ಇಟ್ಟ ಮಿದುಳುಗಳು ನಮ್ಮಲ್ಲಿ ಈಗಾಗಲೇ ಕಪಾಟು ತುಂಬ ಇವೆ. ಸವೆದದ್ದು ಒಂದಾದರೂ ಸಿಕ್ಕೀತು ಅಂತ ನಿಮ್ಮನ್ನು ನಂಬಿಕೊಂಡಿದ್ದೆ."