ಕೆಂಚರಸನ ಹೆಬ್ಬಾಗಿಲೂ ಕಲ್ಲುಕುಟಿಗರ ಓಬಳನೂ

ಈ ಕತೆ ಸುಳ್ಳು ಅನ್ನುವ ಗಂಡಸಿದ್ದರೆ ಎದುರಿಗೆ ಬಂದು ಹೇಳಲಿ. ಅದಕ್ಕೂ ಮೊದಲು ನಿಡುಗೋಟೆಗೆ ಹೋಗಿ, ಹೆಬ್ಬಾಗಿಲ ಬಲಗಡೆಯ ಮೂರನೇ ಕಲ್ಲಿನ ಮೇಲಿರುವ ಉಳಿಗುರುತು ನೋಡಿಕೊಂಡು ಬರಲಿ. ಆಮೇಲೂ ಬಾಯಿ ಬಂದರೆ ಕಿವಿಗೊಡೋಣ.

ಆ ಕೋಟೆಯ ದೊರೆ ಕೆಂಚರಸ ತನ್ನ ನೆರಳನ್ನೂ ನಂಬುತ್ತಿರಲಿಲ್ಲ. ಮೂವರ ಬಾಯಿಗೆ ತುತ್ತಿಕ್ಕಿಸಿ ನೋಡಿದ ಮೇಲೆಯೇ ತಾನು ಉಣ್ಣುವನು. ಒಂದು ದಿನ ಡಂಗುರ ಹೊಡೆಸಿದ: ಹೊಳೆಯಾಚೆಯಿಂದ ಬಂದವರೂ, ಅವರ ಹೊಟ್ಟೆಯಲ್ಲಿ ಕೋಟೆಯೊಳಗೇ ಹುಟ್ಟಿದವರೂ ಅಮಾವಾಸ್ಯೆಯೊಳಗೆ ಊರು ಬಿಡತಕ್ಕದ್ದು. ಇರುತ್ತೇನೆಂಬವನು ದೊರೆಯ ಮೂರು ಒಗಟು ಒಡೆಯಲಿ. ಒಡೆದರೆ ತಾನೂ ಇರಬಹುದು, ತನ್ನವರನ್ನೂ ಕರೆಸಿಕೊಳ್ಳಬಹುದು. ತಪ್ಪಿದರೆ ತಲೆ ಹೋಗುತ್ತದೆ.

ಹೊಳೆಯಾಚೆಯಿಂದ ಬಂದ ಕಲ್ಲುಕುಟಿಗರ ಮಗ ಓಬಳ ಕೋಟೆಯೊಳಗೇ ಹುಟ್ಟಿದವನು. ಅವನ ಅವ್ವ ತಿಪ್ಪವ್ವ ಅಂದು ಕತ್ತೆಯ ಮೇಲೆ ಒರಳು ಹೇರಿಕೊಂಡು ಆಚೆಯ ಸಂತೆಗೆ ಹೋಗಿದ್ದಳು. ತಿರುಗಿ ಬಂದರೆ ಆಚೆಯವರಿಗೆ ಬಾಗಿಲು ಹಾಕಿದೆ. ಮಗ ಒಳಗೆ, ಅವ್ವ ಹೊರಗೆ. ಕಾವಲಿನವರು ಅವಳ ಬುತ್ತಿಯ ರೊಟ್ಟಿಯನ್ನೂ ಮುರಿದು ಮುರಿದು ನೋಡಿದರು.

ಓಬಳ ಅರಮನೆಗೆ ನಡೆದ. ಅವನ ಜುಟ್ಟು, ಬಾಯಿ ಎಲ್ಲ ತಡಕಿ ಒಳಗೆ ಬಿಟ್ಟರು. ರೇಷ್ಮೆ ವ್ಯಾಪಾರಿಯೊಬ್ಬ, ಜೋಯಿಸನೊಬ್ಬ ಆಗಲೇ ನಿಂತಿದ್ದರು. ಅವರೂ ಹೊಳೆಯಾಚೆಯವರೇ. ದೊರೆಯ ಮುಂದೆ ಅವನೇ ಬರೆದಿಟ್ಟ ಉತ್ತರಗಳ ಓಲೆ, ಅದರ ಮೇಲೆ ಅರಗಿನ ಮುದ್ರೆ.

"ಹೊಳೆ ದಾಟಿ ಬಂದು ನನ್ನೂರನ್ನು ಸುತ್ತ ಹಿಡಿದಿದೆ. ಓಡಿಸಿದರೆ ನಾನೇ ಉಳಿಯೋದಿಲ್ಲ. ಏನದು?" ಅಂತ ದೊರೆ ಮೊದಲ ಒಗಟು ಹಾಕಿದ.

ವ್ಯಾಪಾರಿ ಶತ್ರುಸೈನ್ಯ ಅಂದ. ಅವನನ್ನು ಎಳೆದೊಯ್ದರು.

"ಕೋಟೆಗೋಡೆ, ಬುದ್ಧಿ," ಅಂದ ಓಬಳ. "ಆಚೆಯ ಬಂಡೆ ಸೀಳಿ ತಂದದ್ದು. ಹೆಬ್ಬಾಗಿಲ ಮೂರನೇ ಕಲ್ಲಿನ ಮೇಲೆ ನಮ್ಮಪ್ಪನ ಉಳಿಗುರುತಿದೆ."

ದೊರೆ ಓಲೆಯ ಮುದ್ರೆ ಮುಟ್ಟಿ ನೋಡಿಕೊಂಡ. ಒಡೆದಿರಲಿಲ್ಲ.

"ಸಂತೆಯಲ್ಲಿ ಗಬ್ಬದ ಹಸು ಕೊಂಡೆ. ಹಸುವಿನ ಊರು ಬೇರೆ. ನನ್ನ ಕೊಟ್ಟಿಗೆಯಲ್ಲಿ ಈದ ಕರುವಿನ ಊರು ಯಾವುದು?"

ಡಂಗುರ ನೆನೆದ ಜೋಯಿಸ ದೊರೆಯ ಮನಸ್ಸು ಹಿಡಿದೆನೆಂದುಕೊಂಡು, ಹಸುವಿನ ಊರೇ ಕರುವಿನದು ಅಂದ.

"ನನ್ನ ಕರುವನ್ನು ಸಂತೆಯವನಿಗೆ ದಾನ ಮಾಡಲು ನೀನ್ಯಾರೋ?" ಅಂದ ಕೆಂಚರಸ. ಜೋಯಿಸನೂ ಹೋದ.

ಓಬಳ ಅವಸರ ಮಾಡಲಿಲ್ಲ. "ಹಸು ಈದಾಗ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಯಾವೂರ ಆಲದ ಮರಕ್ಕೆ ಕಟ್ಟಿದಿರೋ, ಅದೇ ಕರುವಿನೂರು. ನನ್ನ ಹೊಕ್ಕುಳಬಳ್ಳಿ ಹೂತಿರೋದು ನಿಮ್ಮ ಹೆಬ್ಬಾಗಿಲ ಬುಡದಲ್ಲಿ."

ಯಾರು ಹೇಳಿಕೊಟ್ಟರೆಂದು ದೊರೆ ಕಂಬಗಳ ಹಿಂದೆಲ್ಲ ಹುಡುಕಿಸಿದ. ಯಾರೂ ಇರಲಿಲ್ಲ. ಕೊನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದ.

"ಒಂದು ಒಳಗೆ ನುಗ್ಗಿದರೆ ಹಿಂದಿರುವುದನ್ನೆಲ್ಲ ಅದೇ ಕಿಂಡಿಯಲ್ಲಿ ಎಳೆದುಕೊಳ್ಳುತ್ತದೆ. ಯಾವುದು?"

"ಸೂಜಿ."

ಕೆಂಚರಸ ನಕ್ಕ. "ನಿನ್ನ ಬಾಯಲ್ಲೇ ಬಂತು ನೋಡು. ನೀನು ಸೂಜಿ, ನಿಮ್ಮವ್ವ ದಾರ. ನಾಳೆ ಅವಳ ತಂಗಿ, ನಾಡಿದ್ದು ಇನ್ಯಾರೋ."

"ದಾರ ಕಿತ್ತ ಸೂಜಿ ಬಟ್ಟೆಗೆ ತೂತು ಹಾಕುತ್ತದೆ, ಅಷ್ಟೇ. ಹೊಲಿಗೆ ನಿಲ್ಲೋದು ದಾರದಿಂದ. ನಿಮ್ಮ ಅಂಗಿಯನ್ನೇ ನೋಡಿಕೊಳ್ಳಿ, ಬುದ್ಧಿ."

ದೊರೆಯ ಕೈ ತಾನಾಗಿ ತೋಳಿನ ಹೊಲಿಗೆಗೆ ಹೋಯಿತು. ಮುದ್ರೆ ಒಡೆಸಿ ಓಲೆ ಓದಿಸಿದ: ಗೋಡೆ, ಕೊಟ್ಟಿಗೆಯ ಊರು, ಸೂಜಿ. ತನ್ನ ಕೈಬರಹವನ್ನು ತಾನೇ ಅಲ್ಲಗಳೆಯುವಂತಿರಲಿಲ್ಲ. ಬಾಗಿಲು ತೆಗೆಸಿದ. ಆದರೂ ತಾಯಿಮಗನ ಮೇಲೊಬ್ಬ ಕಾವಲಿನವನನ್ನು ಇಟ್ಟ. ಮೂರನೇ ದಿನದಿಂದ ಅವನಿಗೂ ತಿಪ್ಪವ್ವನೇ ರೊಟ್ಟಿ ಬಡಿದು ಹಾಕಿದಳು.

ಓಬಳನಿಗೆ ಕೊನೆಗೆ ಸಿಕ್ಕಿದ್ದು ಇಷ್ಟು: ಗೋಡೆಗೆ ಹೊಂದಿಕೊಂಡ ಹತ್ತು ಮೊಳ ಜಾಗ, ಊರಲ್ಲಿರಲು ಅಪ್ಪಣೆಯೆಂದು ಇಬ್ಬರ ಹೆಸರು ಕೊರೆದ ತಾಮ್ರದ ಬಿಲ್ಲೆ, ಹೆಬ್ಬಾಗಿಲು ದಾಟಿ ಒಳಗೆ ಬಂದ ಅವ್ವ.